ಹೊಟ್ಟೆಗೆ ಹಾಕಿಕೊಳ್ಳುವ ದೇವರು, ತೀರದ ಬಾಕಿ

2010ರ ನವೆಂಬರ್ 15ರ ರಾತ್ರಿ ಪೂರ್ವ ದೆಹಲಿಯ ಲಕ್ಷ್ಮೀ ನಗರದ ಲಲಿತಾ ಪಾರ್ಕಿನಲ್ಲಿ ಬಾಡಿಗೆದಾರರಿಂದ ತುಂಬಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಬಿಹಾರ, ಬಂಗಾಳಗಳಿಂದ ಕೂಲಿನಾಲಿಗೆಂದು ಬಂದು ಒಂದೊಂದು ಕೋಣೆಯಲ್ಲಿ ಸಂಸಾರ ಹೂಡಿದ್ದವರು. ಪರವಾನಗಿ ಮೀರಿ ಏರಿಸಿದ ಮಹಡಿ, ಆ ಮಳೆಗಾಲದ ಯಮುನೆಯ ನೆರೆಯಿಂದ ನೆಲಮಾಳಿಗೆಯಲ್ಲಿ ನಿಂತ ನೀರು ಎಂದೆಲ್ಲ ಕಾರಣಗಳ ಪಟ್ಟಿ ಮರುದಿನದಿಂದಲೇ ಪತ್ರಿಕೆಗಳಲ್ಲಿ ಬೆಳೆಯಿತು. ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಇಂಥದೇ ಒಂದು ಕುಸಿತದ ಮಾತೆತ್ತುತ್ತಾನೆ. ಯೆರೂಸಲೇಮಿನ ಸಿಲೋವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಅವರೇನು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳೇ? ಅಲ್ಲವೇ ಅಲ್ಲ ಎನ್ನುತ್ತಾನೆ ಯೇಸು. ಸತ್ತವರ ಮೇಲೆ ಪಾಪ ಹೊರಿಸಿ ಕೈತೊಳೆದುಕೊಳ್ಳುವ ದಾರಿಯನ್ನು ಹೀಗೆ ಮುಚ್ಚಿದವನು, ಬದುಕಿ ಉಳಿದವರ ಕಡೆಗೆ ತಿರುಗಿ, ನೀವು ಮನಸ್ಸು ತಿರುಗಿಸಿಕೊಳ್ಳದಿದ್ದರೆ ನಿಮಗೂ ನಾಶವೇ ಎಂದು ಎಚ್ಚರಿಸುತ್ತಾನೆ. ಅದರ ಬೆನ್ನಿಗೇ ಮೂರು ವರ್ಷ ಫಲ ಬಿಡದ ಅಂಜೂರದ ಮರದ ಕತೆ. ಕಡಿದುಹಾಕು ಎನ್ನುತ್ತಾನೆ ಒಡೆಯ. ಇನ್ನೊಂದು ವರ್ಷ ಇರಲಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ ತೋಟಗಾರ. ದೇವರ ಕರುಣೆ, ಮನುಷ್ಯನ ಪಶ್ಚಾತ್ತಾಪ ಇವುಗಳ ಬಗ್ಗೆ ಎರಡು ಸಾವಿರ ವರ್ಷ ನಡೆದ ಚರ್ಚೆಯೆಲ್ಲ ಈ ಒಂಬತ್ತು ವಚನಗಳಲ್ಲಿ ಮಡಚಿಕೊಂಡಿದೆ.

ಪಶ್ಚಾತ್ತಾಪಪಟ್ಟವನನ್ನು ದೇವರು ಕ್ಷಮಿಸುತ್ತಾನೆ ಎಂಬುದರಲ್ಲಿ ಕ್ರೈಸ್ತ ಪಂಗಡಗಳಿಗೆ ಭಿನ್ನಾಭಿಪ್ರಾಯವಿಲ್ಲ. ಜಗಳವೆಲ್ಲ ಪಶ್ಚಾತ್ತಾಪಕ್ಕೆ ಕೊಡಬೇಕಾದ ಜಾಗದ ಬಗ್ಗೆ. ನಮ್ಮ ದೇವಸ್ಥಾನಗಳಲ್ಲಿ ‘ತಪ್ಪುಕಾಣಿಕೆ’ ಎಂಬ ಪದ್ಧತಿಯಿದೆ: ತಪ್ಪಾಯಿತೆಂದು ಹುಂಡಿಗೆ ಹಾಕುವ ಹಣ. ಪಶ್ಚಾತ್ತಾಪವೂ ಅಂಥದೊಂದು ತಪ್ಪುಕಾಣಿಕೆಯೇ? ಅದನ್ನು ತೆತ್ತ ಮೇಲೆ ಕ್ಷಮೆ ಇಳಿದುಬರುತ್ತದೆಯೇ, ಇಲ್ಲಾ ಕ್ಷಮೆ ಮೊದಲೇ ಬಂದು ಪಶ್ಚಾತ್ತಾಪವನ್ನು ಹುಟ್ಟಿಸುತ್ತದೆಯೇ? ಆ ಪಶ್ಚಾತ್ತಾಪ ನಿಜವೆಂದು ಒಪ್ಪಬೇಕಾದವರು ಯಾರು? ದೇವರೊಬ್ಬನೇ, ಗುರುವೇ, ಸಭೆಯೇ, ಅನ್ಯಾಯ ಉಂಡವನೇ? ಈ ಲೇಖನದ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುವಾರ್ತೆಗಳ ಸಾಕ್ಷ್ಯದಲ್ಲಿ ಕರುಣೆ ಮೊದಲು, ಪಶ್ಚಾತ್ತಾಪ ಆಮೇಲೆ. ಆದರೆ ಅದೇ ಸಾಕ್ಷ್ಯ ಪಶ್ಚಾತ್ತಾಪವನ್ನು ಬರಿಯ ಒಳಗುದಿಯಾಗಿ ಇರಗೊಡದೆ ನೆರೆಯವನಿಗೆ ಸಲ್ಲಬೇಕಾದ ಬಾಕಿಯತ್ತ ಎಳೆದೊಯ್ಯುತ್ತದೆ. ಈ ಎರಡರಲ್ಲಿ ಒಂದನ್ನು ಬಿಟ್ಟ ಪಂಥಗಳು ಕುಂಟಿವೆ. ಎರಡನೆಯದನ್ನು ಬಿಟ್ಟವು ಹೆಚ್ಚು.

ಪದಗಳೊಳಗೇ ಇರುವ ಜಗಳ

‘ಪಶ್ಚಾತ್ತಾಪ’ ಎಂದರೆ ಆಮೇಲಿನ ಬೇಗೆ. ಕೆಲಸ ಮುಗಿದ ಮೇಲೆ ಒಳಗೆ ಸುಡುವುದು. ಹೀಬ್ರೂ ಪ್ರವಾದಿಗಳ ಮುಖ್ಯ ಪದದಲ್ಲಿ ಈ ಬೇಗೆಯಿಲ್ಲ. ಅವರ ‘ಶೂವ್’ ಎಂಬ ಕ್ರಿಯಾಪದಕ್ಕೆ ತಿರುಗು, ಮರಳು ಎಂದರ್ಥ. ದಾರಿ ತಪ್ಪಿದವನು ಊರ ಕಡೆ ಮುಖ ಮಾಡುವುದು. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಮೆಟನೋಯ’, ಅಂದರೆ ಮನಸ್ಸು ಬೇರೆಯಾಗುವುದು. ಅದು ಲ್ಯಾಟಿನ್ನಿಗೆ ಹೋದಾಗ ಪ್ರಾಯಶ್ಚಿತ್ತ ಮಾಡಿರಿ ಎಂಬ ಅರ್ಥ ಬರುವ ನುಡಿಗಟ್ಟಾಯಿತು. ಮನಸ್ಸಿನ ಸಂಗತಿ ಮಾಡಿ ತೋರಿಸುವ ವಿಧಿಯಾಯಿತು. 15ನೆಯ ಶತಮಾನದಲ್ಲಿ ಇಟಲಿಯ ಲೊರೆಂಜೊ ವಲ್ಲಾ ಈ ಅನುವಾದಕ್ಕೆ ತಕರಾರು ಎತ್ತಿದ. 1516ರಲ್ಲಿ ಎರಾಸ್ಮಸ್ ಗ್ರೀಕ್ ಮೂಲವನ್ನು ಅಚ್ಚು ಹಾಕಿಸಿದ. ಮರುವರ್ಷ ಮಾರ್ಟಿನ್ ಲೂಥರ್ ತನ್ನ ತೊಂಬತ್ತೈದು ಪ್ರಮೇಯಗಳನ್ನು ಈ ಪದದಿಂದಲೇ ಆರಂಭಿಸಿ, ವಿಶ್ವಾಸಿಯ ಇಡೀ ಬದುಕೇ ಮನಪರಿವರ್ತನೆಯಾಗಬೇಕು, ಅದು ಗುರುವಿನ ಮುಂದೆ ಮುಗಿಯುವ ಸಂಸ್ಕಾರವಲ್ಲ ಎಂದು ವಾದಿಸಿದ. ಯುರೋಪಿನ ಸಭೆ ಒಡೆಯುವುದಕ್ಕೆ ಒಂದು ಕ್ರಿಯಾಪದದ ಅನುವಾದವೂ ಕಾರಣವಾಯಿತೆಂದರೆ ಭಾಷಾಂತರಕಾರರು ಹೆಮ್ಮೆಪಡಬೇಕೋ ಹೆದರಬೇಕೋ ತಿಳಿಯದು.

ಕನ್ನಡದಲ್ಲೂ ಈ ಆಯ್ಕೆ ಸುಲಭವಿರಲಿಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಆರಂಭಿಸಿದ ಬೈಬಲ್ ಅನುವಾದವನ್ನು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಪರಿಷ್ಕರಿಸಿದರು. ಇವತ್ತು ಕೈಗೆ ಸಿಗುವ ಆವೃತ್ತಿಗಳಲ್ಲಿ ‘ಮಾನಸಾಂತರ’, ‘ದೇವರ ಕಡೆಗೆ ತಿರುಗಿಕೊಳ್ಳುವುದು’, ‘ಪಶ್ಚಾತ್ತಾಪ’ ಮೂರೂ ಕಾಣುತ್ತವೆ. ಮೊದಲನೆಯದು ಗ್ರೀಕಿನ ಪಡಿಯಚ್ಚು, ಎರಡನೆಯದು ಪ್ರವಾದಿಗಳ ದಾರಿ, ಮೂರನೆಯದು ಓದುಗನ ಬಾಯಲ್ಲಿ ಆಗಲೇ ಇದ್ದ ಮಾತು. ಈ ಮೂರೂ ಒಂದೇ ಅಲ್ಲ ಎಂಬುದಕ್ಕೆ ಇಬ್ಬರು ಶಿಷ್ಯರ ಕತೆ ಸಾಕು. ಯೂದ ತನ್ನ ಗುರುವನ್ನು ಹಿಡಿದುಕೊಟ್ಟ ಮೇಲೆ ಬೆಂದುಹೋದ, ಮೂವತ್ತು ಬೆಳ್ಳಿಯನ್ನು ಹಿಂದಿರುಗಿಸಿಯೂ ಬಿಟ್ಟ. ಮತ್ತಾಯ ಅಲ್ಲಿ ‘ಮೆಟನೋಯ’ದ ಕ್ರಿಯಾಪದವನ್ನು ಬಳಸದೆ ಬರಿಯ ವಿಷಾದ ಸೂಚಿಸುವ ಬೇರೊಂದನ್ನು ಬಳಸುತ್ತಾನೆ. ಪೇತ್ರನೂ ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದವನೇ. ಅವನು ಅತ್ತು, ಮರಳಿ ಬಂದ. ಯೂದನದು ಅಕ್ಷರಶಃ ಪಶ್ಚಾತ್ತಾಪ. ಬೇಗೆಯಿತ್ತು, ಹೋಗಲು ಮನೆಯಿರಲಿಲ್ಲ. ಪೇತ್ರನಿಗೆ ಮರಳಲು ಒಂದು ಮುಖವಿತ್ತು.

ಇನ್ನು ದೇವರ ಕಡೆಯ ಪದಗಳು. ಕರುಣೆಗೆ ಹೀಬ್ರೂವಿನಲ್ಲಿರುವ ‘ರಹಮೀಮ್’ ಗರ್ಭಕ್ಕಿರುವ ಪದದ ಬಳಗದ್ದು. ಯೇಸು ಹೇಳಿದ ಕತೆಯೊಂದರಲ್ಲಿ ತಪ್ಪಿಹೋದ ಮಗನನ್ನು ದೂರದಿಂದ ಕಂಡ ತಂದೆಗೆ ಆದದ್ದನ್ನು ಹೇಳಲು ಲೂಕ ಬಳಸುವ ಗ್ರೀಕ್ ಕ್ರಿಯಾಪದ ಕರುಳು ಎಂಬುದರಿಂದ ಹುಟ್ಟಿದೆ. ಕರುಳು ಚುರುಕ್ಕೆನ್ನುವುದು ಗೊತ್ತಿರುವ ಕನ್ನಡಿಗನಿಗೆ ಇದಕ್ಕೆ ಟೀಕೆ ಬೇಕಿಲ್ಲ. ಅಷ್ಟೇ ಅಲ್ಲ, ಕ್ಷಮಿಸಿ ಎನ್ನುವುದಕ್ಕೆ ನಾವು ‘ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತೇವೆ. ತಪ್ಪು ಇಲ್ಲವಾಗುವುದಿಲ್ಲ, ಕ್ಷಮಿಸುವವನು ಅದನ್ನು ತನ್ನೊಳಗೆ ತೆಗೆದುಕೊಂಡು ಅರಗಿಸಿಕೊಳ್ಳುತ್ತಾನೆ. ಶಿಲುಬೆಯ ಬಗ್ಗೆ ದೇವತಾಶಾಸ್ತ್ರದ ದಪ್ಪ ಸಂಪುಟಗಳು ಹೇಳಹೊರಟದ್ದನ್ನು ಈ ಎರಡು ಪದದ ನುಡಿಗಟ್ಟು ಮುಟ್ಟಿಸುತ್ತದೆ. ಆದರೆ ತೊಂದರೆಯೂ ಅಲ್ಲೇ ಇದೆ: ಬೇರೆಯವರಿಗೆ ಆದ ಅನ್ಯಾಯವನ್ನು ದೇವರು ತನ್ನ ಹೊಟ್ಟೆಗೆ ಹಾಕಿಕೊಳ್ಳಬಹುದೇ? ಆ ಪ್ರಶ್ನೆಗೆ ಮುಂದೆ ಬರೋಣ.

ಜಾರಿದವರು: ಕಾರ್ಥೇಜಿನಿಂದ ಶ್ರೀರಂಗಪಟ್ಟಣಕ್ಕೆ

ಮೊದಲ ಶತಮಾನಗಳ ಸಭೆ ಕ್ಷಮೆಯ ವಿಷಯದಲ್ಲಿ ಜಿಪುಣವಾಗಿತ್ತು. ದೀಕ್ಷಾಸ್ನಾನದಲ್ಲಿ ಎಲ್ಲವೂ ತೊಳೆದುಹೋಗುತ್ತದೆ, ಆಮೇಲೆ ಮಾಡಿದ ಘೋರ ಪಾಪಕ್ಕೆ ಗತಿಯೇನು? ಎರಡನೆಯ ಶತಮಾನದ ರೋಮಿನಲ್ಲಿ ಹರ್ಮಸ್ ಎಂಬವನ ಹೆಸರಿನ ‘ಕುರುಬ’ ಎಂಬ ಕೃತಿ ಇನ್ನೊಂದೇ ಒಂದು ಅವಕಾಶವಿದೆ ಎಂದಿತು. 250ರಲ್ಲಿ ಚಕ್ರವರ್ತಿ ಡೇಸಿಯಸ್ ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ ಸರ್ಟಿಫಿಕೇಟು ಪಡೆಯಬೇಕೆಂದು ಆಜ್ಞೆ ಹೊರಡಿಸಿದಾಗ ಪ್ರಶ್ನೆ ತತ್ವದಿಂದ ಬೀದಿಗೆ ಬಂತು. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಕೆಲವರು ಬಲಿ ಕೊಟ್ಟರು, ಕೆಲವರು ಲಂಚ ಕೊಟ್ಟು ಕಾಗದ ಮಾತ್ರ ಮಾಡಿಸಿಕೊಂಡರು. ಕಿರುಕುಳ ತಗ್ಗಿದ ಮೇಲೆ ಇವರೆಲ್ಲ ಬಾಗಿಲಲ್ಲಿ ನಿಂತರು. ರೋಮಿನ ನೊವೇಷಿಯನ್ ಇವರನ್ನು ದೇವರಿಗೆ ಬಿಡೋಣ, ಕ್ಷಮಿಸುವ ಅಧಿಕಾರ ಸಭೆಗಿಲ್ಲ ಎಂದ. ಸೆರೆಯಲ್ಲಿ ನರಳಿ ಹೆಸರಾದವರು ಉದಾರವಾಗಿ ಶಿಫಾರಸು ಪತ್ರ ಹಂಚಿದರು. ಬಿಷಪ್ ಸಿಪ್ರಿಯಾನ ನಡುದಾರಿ ಹಿಡಿದ: 251ರ ಸಭಾಕೂಟದಲ್ಲಿ ಕಾಗದ ಕೊಂಡವರಿಗೆ ಒಂದು ನಿಯಮ, ಬಲಿ ಕೊಟ್ಟವರಿಗೆ ದೀರ್ಘ ಪ್ರಾಯಶ್ಚಿತ್ತದ ಇನ್ನೊಂದು ನಿಯಮ. ಮತ್ತೆ ಕಿರುಕುಳದ ಸುಳಿವು ಸಿಕ್ಕಾಗ ಪ್ರಾಯಶ್ಚಿತ್ತದಲ್ಲಿದ್ದವರನ್ನೆಲ್ಲ ಒಳಗೆ ಸೇರಿಸಿಕೊಂಡ. ನಿಯಮವನ್ನು ತಾನೇ ಮಾಡಿ ತಾನೇ ಸಡಿಲಿಸಿದ ಎಂದು ಟೀಕಿಸುವವರಿದ್ದಾರೆ. ಗಾಯಾಳುವಿಗೆ ಮದ್ದು ಕೊಡದೆ ಮತ್ತೆ ಯುದ್ಧಕ್ಕೆ ಕಳಿಸಲಾಗದೆಂಬ ಅವನ ವಾದ ಮಾತ್ರ ಬಲವಾದದ್ದು.

ಒಂದೂವರೆ ಸಾವಿರ ವರ್ಷದ ಮೇಲೆ ಇದೇ ಪ್ರಶ್ನೆ ಕಾವೇರಿ ದಡದಲ್ಲಿ ಎದ್ದಿತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕೊಂಕಣಿ ಕ್ಯಾಥೊಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸೆರೆಹಿಡಿದದ್ದು ವಿಭೂತಿ ಬುಧವಾರದಂದು, ಅಂದರೆ ಹಣೆಗೆ ಬೂದಿ ಹಚ್ಚಿಕೊಂಡು ಪಶ್ಚಾತ್ತಾಪದ ತಪಸ್ಸುಕಾಲ ಆರಂಭಿಸುವ ದಿನ, ಎಂಬುದು ಸಮುದಾಯದ ನೆನಪು. ಎಷ್ಟು ಸಾವಿರ ಜನ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಹಲವರು ದಾರಿಯಲ್ಲಿ, ಸೆರೆಯಲ್ಲಿ ಸತ್ತರು. ಹಲವರು ಒತ್ತಾಯಕ್ಕೆ ಮತ ಬದಲಿಸಿದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಚೆದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವನು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ, ಮೈಸೂರು ಸೀಮೆಯ ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದವನು. 1823ರಲ್ಲಿ ಅಚ್ಚಾದ ಪತ್ರಗಳಲ್ಲಿ ಅವನು ಬರೆಯುವ ಪ್ರಕಾರ ಸುಮಾರು ಎರಡು ಸಾವಿರ ಜನ ಅವನ ಬಳಿಗೆ ಬಂದರು. ತಮ್ಮ ಮತತ್ಯಾಗ ಹೊರಗಿನದಷ್ಟೇ, ಒಳಗೆ ಕ್ರಿಸ್ತನನ್ನು ಬಿಟ್ಟಿರಲಿಲ್ಲ ಎಂದರು. ಅಷ್ಟು ಜನರಲ್ಲಿ ಎದುರು ನಿಂತವನು ಒಬ್ಬನೂ ಇರಲಿಲ್ಲವಲ್ಲ ಎಂಬ ಕಹಿ ಅವನ ಬರಹದಲ್ಲಿದೆ. ಸೆರೆ ಕಾಣದವನು ಸೆರೆಯಲ್ಲಿದ್ದವರ ಬಗ್ಗೆ ಆಡುವ ಈ ಮಾತು ನನಗೆ ಸಣ್ಣದಾಗಿ ಕಾಣುತ್ತದೆ. ಆದರೂ ಅವರನ್ನು ಸಭೆಗೆ ಮರಳಿ ಸೇರಿಸಿಕೊಂಡದ್ದು ನಿಜ. ಜೊತೆಗೆ ನೆಲೆತಪ್ಪಿದ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಹೂಡಿದ, ಸಿಡುಬಿನ ಲಸಿಕೆ ಹಾಕಿಸಿದ.

ಈ ಪ್ರಸಂಗವನ್ನು ಟಿಪ್ಪುವಿನ ಪರವಾಗಿಯೋ ವಿರುದ್ಧವಾಗಿಯೋ ಬಳಸುವವರು ಅದರ ಕೊನೆಯ ಭಾಗವನ್ನು ಓದುವುದಿಲ್ಲ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಅದೇ. ಇದೇ ಜನರ ಹಿರಿಯರು ಗೋವೆಯಿಂದ ಬಂದವರು. ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಮತವಿಚಾರಣೆಯ ನ್ಯಾಯಾಲಯ ಇತ್ತು. ಅದರ ಬಾಯಲ್ಲೂ ಪಶ್ಚಾತ್ತಾಪ, ಸಂಧಾನ, ಕರುಣೆ ಎಂಬ ಪದಗಳೇ ಇದ್ದವು. ಮನಸ್ಸು ತಿರುಗಿದೆಯೇ ಎಂದು ಅಳೆಯಲು ಅದು ಸಾಕ್ಷಿ, ಸೆರೆ, ಹಿಂಸೆಗಳನ್ನು ಬಳಸಿತು. ಶ್ರೀರಂಗಪಟ್ಟಣದಲ್ಲಿ ಅಳೆಯುವ ಉಪಕರಣವಿರಲಿಲ್ಲ, ಮರಳಿ ಬಂದವನ ಮಾತನ್ನು ನಂಬಬೇಕಾಯಿತು. ಪಶ್ಚಾತ್ತಾಪವನ್ನು ಕ್ಷಮೆಯ ಬೆಲೆ ಎಂದುಕೊಂಡ ಸಂಸ್ಥೆಗೆ ನಾಣ್ಯ ಖೋಟಾ ಇರಬಹುದೆಂಬ ಭಯ ಬಿಡುವುದಿಲ್ಲ. ತಕ್ಕಡಿ ಹಿಡಿದು ಕೂರುತ್ತದೆ. ಮರಳುವಿಕೆ ಎಂದುಕೊಂಡರೆ ಬಾಗಿಲು ತೆಗೆಯುವುದಷ್ಟೇ ಕೆಲಸ.

ಪಂಥಗಳು ಕಂಡದ್ದು, ಕಾಣದ್ದು

ಕ್ಯಾಥೊಲಿಕ್ ಧರ್ಮಸಭೆಯ ನಿಲುವು ನಿಧಾನವಾಗಿ ಗಟ್ಟಿಯಾದದ್ದು. ಬಹಿರಂಗ ಪ್ರಾಯಶ್ಚಿತ್ತದ ಜಾಗದಲ್ಲಿ ಐರ್ಲೆಂಡಿನ ಸನ್ಯಾಸಿಗಳು ರೂಢಿಗೆ ತಂದ ಗುಟ್ಟಿನ, ಮತ್ತೆ ಮತ್ತೆ ಮಾಡಬಹುದಾದ ಪಾಪನಿವೇದನೆ ಬಂತು. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಮಾಡಲೇಬೇಕೆಂದಿತು. 1551ರಲ್ಲಿ ಟ್ರೆಂಟ್ ಮಹಾಸಭೆ ಪಶ್ಚಾತ್ತಾಪ, ನಿವೇದನೆ, ಪರಿಹಾರ ಮೂರೂ ಕೂಡಿ ಸಂಸ್ಕಾರ ಎಂದು ಸೂತ್ರೀಕರಿಸಿತು. ಮಂಗಳೂರಿನ ಕೊಂಕಣಿಯಲ್ಲಿ ಇದಕ್ಕೆ ಪೋರ್ಚುಗೀಸ್ ಮೂಲದ ‘ಕುಮ್ಸಾರ್’ ಎಂಬ ಹೆಸರು. ಈ ಪದ್ಧತಿಯ ಬಲ ಸ್ಪಷ್ಟ: ಮನುಷ್ಯನಿಗೆ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಬೇಕು, ಕ್ಷಮಿಸಲಾಗಿದೆ ಎಂಬ ಮಾತನ್ನು ಇನ್ನೊಂದು ಬಾಯಿಂದ ಕೇಳಬೇಕು. ಒಳಗೇ ಕ್ಷಮೆ ಕೇಳಿ ಒಳಗೇ ಪಡೆದುಕೊಳ್ಳುವವನು ಆರೋಪಿಯೂ ತಾನೇ ನ್ಯಾಯಾಧೀಶನೂ ತಾನೇ ಆಗಿರುತ್ತಾನೆ. ದೌರ್ಬಲ್ಯವೂ ಸ್ಪಷ್ಟ. ಗುಟ್ಟು ಕೇಳುವವನ ಕೈಗೆ ಅಧಿಕಾರ ಬರುತ್ತದೆ. ಕೇರಳದಲ್ಲಿ ನಿವೇದನೆಯ ಗುಟ್ಟನ್ನು ಹಿಡಿದು ಮಹಿಳೆಯನ್ನು ಬೆದರಿಸಿದ ಆಪಾದನೆ ಕೆಲವು ಪಾದ್ರಿಗಳ ಮೇಲೆ ಬಂದಾಗ, 2018ರ ಜುಲೈಯಲ್ಲಿ ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗ ಈ ಪದ್ಧತಿಯನ್ನೇ ನಿಲ್ಲಿಸಬೇಕೆಂದು ಶಿಫಾರಸು ಮಾಡಿತು. ಹಾಗೆ ಮಾಡುವುದು ನೆಗಡಿಯಾದರೆ ಮೂಗು ಕೊಯ್ದಂತೆ ಎಂದು ಸಭೆಗಳು ಸಿಟ್ಟಾದವು. ಸಿಟ್ಟು ನ್ಯಾಯವೇ, ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಸುಧಾರಣಾವಾದಿಗಳು ಕ್ರಮವನ್ನೇ ತಿರುಗಿಸಿದರು. ಪಶ್ಚಾತ್ತಾಪ ಹುಟ್ಟುವುದು ವಿಶ್ವಾಸದಿಂದ, ದೇವರು ತನಗೆ ಕೃಪೆ ತೋರಿದ್ದಾನೆ ಎಂದು ಗೊತ್ತಾಗದವನು ನಿಜವಾಗಿ ಪಶ್ಚಾತ್ತಾಪಪಡಲಾರ ಎಂದು ಕ್ಯಾಲ್ವಿನ್ ವಾದಿಸಿದ. ಸುವಾರ್ತೆಯ ಸಾಕ್ಷ್ಯ ಇಲ್ಲಿ ಅವನ ಕಡೆಗಿದೆ. ತಪ್ಪಿಹೋದ ಮಗ ಹಂದಿಗಳ ನಡುವೆ ಕೂತು ತಪ್ಪೊಪ್ಪಿಗೆಯ ಮಾತುಗಳನ್ನು ಜೋಡಿಸಿಕೊಂಡು ಹೊರಟವನು; ತಂದೆ ಅದು ಬಾಯಿಗೆ ಬರುವ ಮೊದಲೇ ಓಡಿಬಂದು ತಬ್ಬಿಕೊಳ್ಳುತ್ತಾನೆ, ಅರ್ಧ ಹೇಳುವಷ್ಟರಲ್ಲಿ ಆಳುಗಳಿಗೆ ಬಟ್ಟೆ ತರಲು ಹೇಳುತ್ತಾನೆ. ಜಕ್ಕಾಯನ ಕತೆಯಲ್ಲೂ ಅಷ್ಟೇ. ಯೇಸು ಸುಂಕದವನ ಮನೆಗೆ ಬರುತ್ತೇನೆಂದು ಹೇಳುವುದು ಮೊದಲು. ಮೋಸದಿಂದ ತೆಗೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಜಕ್ಕಾಯ ಹೇಳುವುದು ಆಮೇಲೆ. ಆದರೆ ಈ ವಾದ ಮಂದವಾದಾಗ ಏನಾಗುತ್ತದೆಂಬುದನ್ನು ಪ್ರೊಟೆಸ್ಟೆಂಟನಾದ ಡೀಟ್ರಿಚ್ ಬೋನ್‌ಹೋಫರನೇ 1937ರಲ್ಲಿ, ನಾಜಿ ಜರ್ಮನಿಯ ನಡುವೆ ನಿಂತು ಹೇಳಿದ: ಪಶ್ಚಾತ್ತಾಪವಿಲ್ಲದೆ ಹಂಚುವ ಕೃಪೆ ಅಗ್ಗದ ಕೃಪೆ. ಬಾಸೆಲ್ ಮಿಷನ್ನಿನ ಭಕ್ತಿಪಂಥೀಯರು ಈ ಅಪಾಯಕ್ಕೆ ಮೊದಲೇ ಹೆದರಿದ್ದರು. ತಪ್ಪಿದವರನ್ನು ಕರ್ತನ ಭೋಜನದಿಂದ ದೂರವಿಟ್ಟು, ಒಪ್ಪಿಕೊಂಡ ಮೇಲೆ ಸೇರಿಸಿಕೊಳ್ಳುವ ಶಿಸ್ತನ್ನು ಅವರು ಇಲ್ಲಿನ ಸಭೆಗಳಲ್ಲಿ ಬಿಗಿಯಾಗಿ ನಡೆಸಿದರು. ಕೃಪೆ ಉಚಿತವೆಂದು ಸಾರುತ್ತಲೇ ಹಿಂಬಾಗಿಲಿನಿಂದ ತಕ್ಕಡಿ ಒಳಗೆ ಬಂತು.

ಪೂರ್ವದ ಸಭೆಗಳು ನ್ಯಾಯಾಲಯದ ರೂಪಕವನ್ನೇ ಅಷ್ಟಾಗಿ ಒಪ್ಪಲಿಲ್ಲ. ಪಾಪ ರೋಗ, ದೇವರು ವೈದ್ಯ, ಗುರು ಸಾಕ್ಷಿ. ಏಳನೆಯ ಶತಮಾನದ ನಿನೆವೆಯ ಐಸಾಕನಂತೂ ದೇವರನ್ನು ನ್ಯಾಯವಂತನೆಂದು ಕರೆಯಲೇ ಹಿಂಜರಿದವನು. ಸಂಜೆ ಬಂದ ಕೂಲಿಗೂ ಬೆಳಿಗ್ಗೆ ಬಂದವನಷ್ಟೇ ಸಂಬಳ ಕೊಡುವವನಲ್ಲಿ ಎಲ್ಲಿಯ ನ್ಯಾಯ ಎಂಬುದು ಅವನ ವಾದ. ರೋಗಿಯನ್ನು ದೂಷಿಸುವುದಿಲ್ಲ ಎಂಬ ಸೌಜನ್ಯ ಇಲ್ಲಿದೆ. ಸೋಂಕು ತಗುಲಿಸಿಕೊಂಡ ನೆರೆಯವನು ಎಲ್ಲಿ ಎಂದು ಕೇಳಿದರೆ ಈ ಪಂಥದ ಉತ್ತರ ತೆಳುವಾಗುತ್ತದೆ.

ರಾಯ್ ಕೇಳಿದ್ದು, ರಮಾಬಾಯಿ ಕಂಡದ್ದು

ಭಾರತದಲ್ಲಿ ಈ ಚರ್ಚೆ ತನ್ನದೇ ತಿರುವು ಪಡೆಯಿತು. 1820ರಲ್ಲಿ ರಾಮಮೋಹನ ರಾಯ್ ಯೇಸುವಿನ ಬೋಧನೆಗಳನ್ನಷ್ಟೇ ಆಯ್ದು ಪುಸ್ತಕ ಮಾಡಿದರು. ಪವಾಡ, ಶಿಲುಬೆಯ ಪ್ರಾಯಶ್ಚಿತ್ತಬಲಿಯ ಸಿದ್ಧಾಂತ ಎಲ್ಲ ಹೊರಗುಳಿದವು. ಸೀರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಕೆರಳಿ ನಿಂತರು. ಮುಂದಿನ ಮೂರು ವರ್ಷಗಳಲ್ಲಿ ರಾಯ್ ಮೂರು ‘ಮನವಿ’ಗಳನ್ನು ಬರೆದು ಉತ್ತರಿಸಿದರು. ಜಗಳದ ತಿರುಳು ಒಂದೇ: ಕ್ಷಮೆಗೆ ಪಶ್ಚಾತ್ತಾಪ ಸಾಕೇ, ರಕ್ತ ಬೇಕೇ? ತಪ್ಪಿಹೋದ ಮಗನ ಕತೆಯಲ್ಲಿ ಬಲಿ ಎಲ್ಲಿದೆ ಎಂದು ರಾಯ್ ಕೇಳಿದರು. ಪಾಪಿ ಮರಳಿದರೆ ಸಾಕು, ಕರುಣಾಳುವಾದ ದೇವರಿಗೆ ಬೇರೆ ಪ್ರಾಯಶ್ಚಿತ್ತ ಬೇಕಿಲ್ಲ. ಮಾರ್ಷ್‌ಮನ್ ಹಿಂದೆ ನಿಂತಿದ್ದವನು 1098ರಲ್ಲಿ ಬರೆದ ದೇವತಾಶಾಸ್ತ್ರಜ್ಞ ಆನ್ಸೆಲ್ಮ್: ಅಪರಾಧ ದೇವರ ಗೌರವಕ್ಕೆ ಎಸಗಿದ್ದು, ಯಾರಾದರೂ ತೀರಿಸಲೇಬೇಕಾದ ಸಾಲ. ರಾಯ್ ಜೊತೆ ಅನುವಾದಕ್ಕೆ ಕೂತ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಆಡಂ ಅವರ ವಾದಕ್ಕೇ ಒಲಿದುಬಿಟ್ಟ. ಅವನನ್ನು ಜಾರಿಬಿದ್ದ ಎರಡನೆಯ ಆದಾಮನೆಂದು ಜನ ಗೇಲಿ ಮಾಡಿದರು. ಅರ್ಧ ಶತಮಾನದ ಮೇಲೆ, 1872ರಲ್ಲಿ, ನಮ್ಮ ನಿಘಂಟಿನ ಕಿಟೆಲ್ ಯಜ್ಞದ ಬಗ್ಗೆ ‘ಯಜ್ಞಸುಧಾನಿಧಿ’ ಎಂಬ ಹೊತ್ತಗೆ ಬರೆದದ್ದೂ ಇದೇ ಪ್ರಶ್ನೆಯ ನೆರಳಿನಲ್ಲಿ. ಬಲಿಯ ಭಾಷೆ ಈ ನೆಲಕ್ಕೆ ಹೊಸದಲ್ಲವೆಂದು ಮಿಷನರಿಗಳಿಗೆ ಗೊತ್ತಿತ್ತು.

ಹಿಂದೂ ಓದುಗನ ಆಕ್ಷೇಪ ರಾಯ್ ಅವರದಕ್ಕಿಂತ ಬೇರೆಯದು, ಹೆಚ್ಚು ಆಳದ್ದು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯ ಲೋಕದಲ್ಲಿ ಕ್ಷಮೆಯೆಂದರೆ ಲೆಕ್ಕಪುಸ್ತಕ ತಿದ್ದಿದ ಹಾಗೆ. ಉಂಡವನೊಬ್ಬ ತೊಳೆದವನೊಬ್ಬ ಎಂದಾದರೆ ಲೋಕದ ನೀತಿಯೇ ಉಳಿಯುವುದಿಲ್ಲವಲ್ಲ? ಇದಕ್ಕೆ ಬೈಬಲಿನ ಒಳಗೇ ಉತ್ತರವಿದೆ: ಕ್ಷಮೆ ಪರಿಣಾಮವನ್ನು ಅಳಿಸುವುದಿಲ್ಲ. ಪ್ರವಾದಿ ನಾತಾನ ಅರಸ ದಾವೀದನಿಗೆ ನಿನ್ನ ಪಾಪ ಕಳೆಯಿತು ಎಂದ ದಿನವೂ ಅವನ ಮನೆಯಲ್ಲಿ ಸಾವು ನಿಂತಿತ್ತು. ಆಮೇಲೆ ಮಕ್ಕಳು ಒಬ್ಬರನ್ನೊಬ್ಬರು ಕೊಂದರು. ಕ್ಯಾಥೊಲಿಕರು ಶಾಶ್ವತ ದಂಡನೆ ಬೇರೆ, ಲೌಕಿಕ ದಂಡನೆ ಬೇರೆ ಎಂದು ವಿಂಗಡಿಸಿದ್ದೂ ಇದಕ್ಕೇ. ಕರ್ಮದ ಸರಪಳಿ ಕಡಿಯುವುದಿಲ್ಲ. ಅದನ್ನು ಒಬ್ಬನೇ ಎಳೆಯಬೇಕಿಲ್ಲ ಎಂಬುದಷ್ಟೇ ಕ್ರೈಸ್ತರ ಮಾತು.

ಕರುಣೆ ಮೊದಲು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಹುಟ್ಟಿದ ಒಬ್ಬ ಸಾಕ್ಷಿಯಿದ್ದಾರೆ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಇಂಗ್ಲೆಂಡಿನ ವಾಂಟೇಜಿನಲ್ಲಿ 1883ರಲ್ಲಿ ದೀಕ್ಷಾಸ್ನಾನ ಪಡೆದರು. ತಮ್ಮನ್ನು ಆ ಕಡೆಗೆ ಎಳೆದದ್ದು ವಾದವಲ್ಲ, ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ದಾರಿತಪ್ಪಿದವರೆನಿಸಿಕೊಂಡ ಹೆಂಗಸರನ್ನು ಸನ್ಯಾಸಿನಿಯರು ನೋಡಿಕೊಳ್ಳುತ್ತಿದ್ದ ರೀತಿ ಎಂದು ಅವರು ಬರೆದಿದ್ದಾರೆ. ಅವರು ಕಲಿತ ಶಾಸ್ತ್ರಗಳಲ್ಲಿ ಅಂಥವರಿಗೆ ದಂಡನೆಯಿತ್ತು, ಮನೆಯಿರಲಿಲ್ಲ. ಕಾರಣ ಕೇಳಿದಾಗ ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕತೆಯನ್ನು ಅವರಿಗೆ ಹೇಳಲಾಯಿತು. ಸ್ವಂತ ಪಾಪದ ಅರಿವು, ಕ್ಷಮೆಯ ಅನುಭವ ಅವರಿಗೆ ಆದದ್ದು ಅದಾಗಿ ವರ್ಷಗಳ ಮೇಲೆ. 1905ರಲ್ಲಿ ಕೇಡಗಾಂವಿನ ಅವರ ಮುಕ್ತಿ ಸದನದಲ್ಲಿ ಹುಡುಗಿಯರು ಗುಂಪುಗುಂಪಾಗಿ ಅತ್ತು ಪ್ರಾರ್ಥಿಸಿದ ಜಾಗೃತಿ ಇನ್ನೂ ಆಮೇಲಿನದು. ಬೇರೆಯವರಿಗೆ ತೋರಿದ ಕರುಣೆಯನ್ನು ಕಂಡದ್ದು ಆರಂಭ, ತನ್ನ ಪಶ್ಚಾತ್ತಾಪ ಕೊನೆ. ಮಾರ್ಷ್‌ಮನ್ನರ ಕ್ರಮಕ್ಕೂ ರಾಯ್ ಅವರ ಕ್ರಮಕ್ಕೂ ಇದು ಹೊಂದುವುದಿಲ್ಲ.

ಊರೀಯನ ಪಾಲು

ಈಗ ತಡೆಹಿಡಿದಿದ್ದ ಪ್ರಶ್ನೆ. ದಾವೀದ ಬತ್ಷೆಬೆಯನ್ನು ಬಯಸಿ ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ. ಆ ಪ್ರಸಂಗಕ್ಕೆ ಸೇರಿದ್ದೆಂದು ಹೇಳುವ 51ನೆಯ ಕೀರ್ತನೆಯಲ್ಲಿ ಅವನು ದೇವರಿಗೆ ಮಾತ್ರ ತಪ್ಪು ಮಾಡಿದ್ದಾಗಿ ಮೊರೆಯಿಡುತ್ತಾನೆ. ಊರೀಯ ಎಲ್ಲಿ ಹೋದ? ಪಾಪವೆಲ್ಲ ಕೊನೆಗೆ ದೇವರ ವಿರುದ್ಧವೇ ಎಂದು ವ್ಯಾಖ್ಯಾನಕಾರರು ಸಮರ್ಥಿಸುತ್ತಾರೆ. ಆದರೆ ಬೈಬಲಿನದೇ ಇನ್ನೊಂದು ಎಳೆ ಈ ಸಮರ್ಥನೆಯನ್ನು ಒಪ್ಪುವುದಿಲ್ಲ. ಮೋಸ ಮಾಡಿದವನು ಮೊದಲು ಮಾಲನ್ನು ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸಿ ಆಮೇಲೆ ಬಲಿ ತರಬೇಕೆಂದು ಯಾಜಕಕಾಂಡ ವಿಧಿಸುತ್ತದೆ. ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪಿಗೆ, ನೊಂದವನನ್ನು ಸಮಾಧಾನಪಡಿಸುವ ತನಕ ಪ್ರಾಯಶ್ಚಿತ್ತದ ದಿನವೂ ಪರಿಹಾರವಲ್ಲ ಎಂದು ಯೆಹೂದ್ಯರ ಮಿಶ್ನಾ ಹೇಳುತ್ತದೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸೋದರನೊಡನೆ ರಾಜಿಯಾಗಿ ಬಾ ಎಂದ ಯೇಸುವೂ ಅದೇ ಪರಂಪರೆಯವನು. 1985ರಲ್ಲಿ ವಿದ್ವಾಂಸ ಇ. ಪಿ. ಸ್ಯಾಂಡರ್ಸ್, ಯೇಸು ಪಾಪಿಗಳಿಂದ ಇಂಥ ಪರಿಹಾರವನ್ನು ಮೊದಲು ಕೇಳದೆಯೇ ಸೇರಿಸಿಕೊಂಡದ್ದೇ ಧರ್ಮಿಷ್ಠರನ್ನು ಕೆರಳಿಸಿತೆಂದು ವಾದಿಸಿದ. ಉಳಿದ ವಿದ್ವಾಂಸರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ನನಗೆ ಜಕ್ಕಾಯನ ಕತೆ ಎರಡೂ ಕಡೆಯವರಿಗೆ ಉತ್ತರವಾಗಿ ಕಾಣುತ್ತದೆ: ಸೇರಿಸಿಕೊಳ್ಳುವುದಕ್ಕೆ ಪರಿಹಾರ ಶರತ್ತಲ್ಲ, ಆದರೆ ಸೇರಿದವನು ಗಂಟು ಬಿಚ್ಚದಿದ್ದರೆ ಅವನು ಸೇರಿಯೇ ಇಲ್ಲ.

ನೊಂದವರೇ ಮುಂದೆ ಬಂದು ಕ್ಷಮಿಸಿದಾಗ? 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವಕ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟು ಕೊಂದರು. ಗ್ಲ್ಯಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆಂದು ಹೇಳಿದಾಗ ಯಾರೂ ಪಶ್ಚಾತ್ತಾಪಪಟ್ಟಿರಲಿಲ್ಲ. ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನಿನ ದಂಡನೆ ಬೇರೆ ಎಂಬುದನ್ನು ಅವರು ಬೆರೆಸಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಮಧ್ಯಪ್ರದೇಶದಲ್ಲಿ 1995ರಲ್ಲಿ ಬಸ್ಸಿನಲ್ಲಿ ಕೊಲೆಯಾದ ಸನ್ಯಾಸಿನಿ ರಾಣಿ ಮರಿಯಾ ಅವರ ವಿಷಯದಲ್ಲಿ, ಸನ್ಯಾಸಿನಿಯೇ ಆಗಿದ್ದ ತಂಗಿ 2002ರಲ್ಲಿ ಜೈಲಿಗೆ ಹೋಗಿ ಕೊಂದವನಿಗೆ ರಾಖಿ ಕಟ್ಟಿದರು. ಅವನು ಪಶ್ಚಾತ್ತಾಪಪಟ್ಟ, 2006ರಲ್ಲಿ ಬಿಡುಗಡೆಯಾದ, ಆ ಮನೆಯವರಿಗೆ ಬಂಧುವಿನಂತಾದ. ಈ ಎರಡೂ ಪ್ರಸಂಗಗಳನ್ನು ಪ್ರವಚನಗಳಲ್ಲಿ ಜೊತೆಗೂಡಿಸುತ್ತಾರೆ, ಆದರೆ ಅವು ಬೇರೆ ಬೇರೆ. ಲೂಕನ 17ನೆಯ ಅಧ್ಯಾಯ ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎನ್ನುತ್ತದೆ, ಮತ್ತಾಯನ 18ನೆಯ ಅಧ್ಯಾಯದಲ್ಲಿ ಪೇತ್ರನಿಗೆ ಕೊಟ್ಟ ಉತ್ತರದಲ್ಲಿ ಆ ‘ರೆ’ ಇಲ್ಲ. ಒಂದು ವಿಷಯ ಮಾತ್ರ ಆ ಎರಡೂ ಪ್ರಸಂಗಗಳಲ್ಲಿ ಸಮಾನ: ಕ್ಷಮಿಸಿದವರು ನೊಂದವರೇ, ಅವರ ಪರವಾಗಿ ಬೇರೆ ಯಾರೂ ಅಲ್ಲ. ನೊಂದವರನ್ನು ಕ್ಷಮಿಸುವಂತೆ ಒತ್ತಾಯಿಸುವ ಪಾದ್ರಿಗಳಿಗೆ, ಸಂಸ್ಥೆಯ ಮಾನ ಉಳಿಸಲು ಕರುಣೆಯ ಹೆಸರು ಹೇಳಿ ತಿಪ್ಪೆ ಸಾರಿಸುವವರಿಗೆ ಈ ಎರಡು ಉದಾಹರಣೆಗಳನ್ನು ಬಳಸುವ ಹಕ್ಕಿಲ್ಲ.

ಇನ್ನೂ ತೀರದ್ದು

ಸತ್ತವರ ಪರವಾಗಿ ಯಾರು ಕ್ಷಮಿಸಬೇಕು ಎಂಬುದು ತೀರಿಲ್ಲ. ಊರೀಯನಿಗೆ ಬಾಯಿಲ್ಲ, ಲಲಿತಾ ಪಾರ್ಕಿನ ಅವಶೇಷಗಳಡಿ ಹೋದವರಿಗೂ ಇಲ್ಲ. ದೇವರು ನೊಂದವರೊಳಗೇ ಇದ್ದಾನೆ, ಹಾಗಾಗಿ ಅವರ ಪರವಾಗಿ ಕ್ಷಮಿಸಬಲ್ಲ ಎಂಬ ಉತ್ತರ ಆಧುನಿಕ ದೇವತಾಶಾಸ್ತ್ರದಲ್ಲಿ ಜನಪ್ರಿಯ. ಅದು ನೊಂದವರಿಗೆ ಸಮಾಧಾನವೋ, ಅವರ ಕೊನೆಯ ಹಕ್ಕಿನ ಅಪಹರಣವೋ ಎಂಬುದು ಯಾರು ಹೇಳುತ್ತಾರೆ ಎಂಬುದರ ಮೇಲೆ ನಿಂತಿದೆ. ಸಾವಿನ ಆಚೆಗೂ ಮರಳುವ ಅವಕಾಶವಿದೆಯೇ ಎಂಬುದೂ ತೀರಿಲ್ಲ. ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗರಿ ಇದೆ ಎಂದು ಆಶಿಸಿದ, ಆರನೆಯ ಶತಮಾನದಲ್ಲಿ ಒರಿಜೆನನ ಹೆಸರಿಗೆ ಅಂಟಿದ್ದ ಅದೇ ಬಗೆಯ ಮತ ಖಂಡನೆಗೊಳಗಾಯಿತು, ಇಪ್ಪತ್ತನೆಯ ಶತಮಾನದಲ್ಲಿ ಹಾನ್ಸ್ ಉರ್ಸ್ ಫಾನ್ ಬಾಲ್ತಜಾರ್ ಆಶಿಸುವುದಕ್ಕಾದರೂ ಅಡ್ಡಿಯಿಲ್ಲ ಎಂದ. 2015ರ ಡಿಸೆಂಬರಿನಲ್ಲಿ ಕರುಣೆಯ ಜೂಬಿಲಿ ವರ್ಷ ತೆರೆದ ಪೋಪ್ ಫ್ರಾನ್ಸಿಸ್, ವಿಚ್ಛೇದನದ ನಂತರ ಮರುಮದುವೆಯಾದವರಿಗೆ ಪ್ರಸಾದ ಕೊಡುವ ಪ್ರಶ್ನೆಯಲ್ಲಿ 2016ರಲ್ಲಿ ಬಾಗಿಲು ಸ್ವಲ್ಪ ತೆಗೆದಾಗ ನಾಲ್ವರು ಕಾರ್ಡಿನಲರು ಲಿಖಿತ ಸಂದೇಹ ಎತ್ತಿದರು. ಕಾರ್ಥೇಜಿನ ಜಗಳ ಹೊಸ ವೇಷದಲ್ಲಿ ಬಂದಿತ್ತು.

ಎಲ್ಲಕ್ಕಿಂತ ಹಿಂದೆ ಉಳಿದಿರುವುದು ಸಾಮೂಹಿಕ ಪಶ್ಚಾತ್ತಾಪ. ಇಡೀ ಸಮುದಾಯ ತಲೆಮಾರುಗಳ ಕಾಲ ಎಸಗಿದ ಪಾಪವನ್ನು ಯಾರು ಯಾರಿಗೆ ನಿವೇದಿಸಬೇಕು? 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಆರಂಭವಾದ ದಲಿತ ದೇವತಾಶಾಸ್ತ್ರ ಈ ಪ್ರಶ್ನೆಯನ್ನು ಸಭೆಯ ಮುಖಕ್ಕೇ ಹಿಡಿಯಿತು: ದಲಿತರಿಗೆ ಪಾಪಿಗಳೆಂದು ಬೋಧಿಸಿದ ಸಭೆ ಅವರ ಮೇಲೆ ನಡೆದ ಪಾಪದ ಮಾತನ್ನೇ ಎತ್ತಲಿಲ್ಲ. 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ ದೆಹಲಿಯಲ್ಲಿ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಜಾತಿಭೇದ ತಮ್ಮೊಳಗೇ ಇದೆಯೆಂದು ಒಪ್ಪಿಕೊಂಡಿತು. ಅದು ನಿವೇದನೆ. ಜಕ್ಕಾಯನ ಗಂಟು ಬಿಚ್ಚುವ ಭಾಗ, ಸ್ಮಶಾನದ ಗೋಡೆಗಳಲ್ಲಿ, ಪಂಕ್ತಿಗಳಲ್ಲಿ, ಹುದ್ದೆಗಳಲ್ಲಿ ಕಾಣಬೇಕಾದದ್ದು, ಬೇರೆಯೇ ಲೆಕ್ಕ.

ಸಿಲೋವಾಮಿನ ಬುರುಜಿನ ಮಾತಿನ ಹಿಂದೆಯೇ ಬರುವ ಅಂಜೂರದ ಮರಕ್ಕೆ ತೋಟಗಾರ ಕೇಳಿದ್ದು ಒಂದು ವರ್ಷದ ಗಡುವು. ಒಡೆಯ ಒಪ್ಪಿದನೋ, ಗೊಬ್ಬರ ಬಿದ್ದ ಮೇಲೆ ಮರ ಫಲ ಬಿಟ್ಟಿತೋ, ಲೂಕ ಬರೆದಿಲ್ಲ.